ಕೊಡಗಿನ ಕಾಲೇಜಿನಿಂದ ಎರಾಸ್ಮಸ್ ಪ್ಲಸ್ ಅನುದಾನಕ್ಕೆ ಅರ್ಜಿ ಹಾಕುವ ಬಗೆ

ಪೊನ್ನಂಪೇಟೆಯ ಅರಣ್ಯ ಕಾಲೇಜಿರಲಿ, ಮಡಿಕೇರಿಯ ಪದವಿ ಕಾಲೇಜಿರಲಿ, ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವಿರಲಿ, ವಿದೇಶಿ ಸಹಯೋಗದ ಹಣಕ್ಕೆ ಕೈಹಾಕುವ ಮೊದಲು ಯಾವ ಯೋಜನೆ ನಮ್ಮ ಅಳತೆಗೆ ಸರಿಹೋಗುತ್ತದೆ ಎಂದು ನೋಡಬೇಕು. ಅಳತೆ ತಪ್ಪಿದರೆ ಮುಂದೆ ಎಷ್ಟು ಚೆನ್ನಾಗಿ ಬರೆದರೂ ಅರ್ಜಿ ನಿಲ್ಲುವುದಿಲ್ಲ.

ವಿದೇಶಿ ಸಂಸ್ಥೆಗಳೊಡನೆ ಜಂಟಿ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸ್ಪಾರ್ಕ್ ಯೋಜನೆ ಎನ್‌ಐಆರ್‌ಎಫ್ ಎಂಬ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕಕ್ಕೆ ಕಟ್ಟುಬಿದ್ದಿದೆ, ಸಣ್ಣ ಕಾಲೇಜುಗಳಿಗೆ ಅಲ್ಲಿ ಜಾಗ ಕಡಿಮೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್‌ನಲ್ಲಿ ನಮಗೆ ಹೊಂದುವ ಮೂರು ದಾರಿಗಳಿವೆ. ವಿದ್ಯಾರ್ಥಿ ಮತ್ತು ಅಧ್ಯಾಪಕರ ವಿನಿಮಯಕ್ಕೆ ಯುರೋಪಿನ ವಿಶ್ವವಿದ್ಯಾಲಯವೇ ಅರ್ಜಿ ಹಾಕಬೇಕು, ನಮ್ಮ ಕೆಲಸ ಅವರೊಡನೆ ಒಪ್ಪಂದ ಮಾಡಿಕೊಳ್ಳುವುದಷ್ಟೇ. ಜೀನ್ ಮೊನೆ ಮಾಡ್ಯೂಲ್‌ಗೆ ಭಾರತದ ಕಾಲೇಜು ಪಾಲುದಾರರಿಲ್ಲದೆ ಒಂಟಿಯಾಗಿಯೇ ಅರ್ಜಿ ಹಾಕಬಹುದು. ಯುರೋಪಿಯನ್ ಒಕ್ಕೂಟಕ್ಕೆ ಸಂಬಂಧಿಸಿದ ವಿಷಯವನ್ನು ಮೂರು ವರ್ಷ, ವರ್ಷಕ್ಕೆ ಕನಿಷ್ಠ 40 ಗಂಟೆ ಕಲಿಸುವ ಸಣ್ಣ ಯೋಜನೆ ಅದು. ಮೊದಲ ಸಲ ಅರ್ಜಿ ಹಾಕುವವರಿಗೆ ಒಳ್ಳೆಯ ಅಭ್ಯಾಸ.

ಮೂರನೆಯದು, ಎಲ್ಲರ ಕಣ್ಣು ಬೀಳುವುದು, ಉನ್ನತ ಶಿಕ್ಷಣದ ಸಾಮರ್ಥ್ಯವೃದ್ಧಿ ಯೋಜನೆ. ಇದರ ಮೊದಲ ಹಂತದಲ್ಲಿ 2 ಲಕ್ಷದಿಂದ 4 ಲಕ್ಷ ಯೂರೋ, ಎರಡನೆಯದರಲ್ಲಿ 4ರಿಂದ 8 ಲಕ್ಷ, ಮೂರನೆಯದರಲ್ಲಿ 6ರಿಂದ 10 ಲಕ್ಷ. ಮೂರನೆಯದು ಇಡೀ ವ್ಯವಸ್ಥೆಯ ಸುಧಾರಣೆಗೆ, ಅದನ್ನು ಮರೆತುಬಿಡಿ. ಅಂತರರಾಷ್ಟ್ರೀಯ ಅನುಭವ ಕಡಿಮೆ ಇರುವ ಸಂಸ್ಥೆಗಳಿಗೆಂದೇ ಇಟ್ಟಿರುವುದು ಮೊದಲ ಹಂತ. ಅವಧಿ 24 ಅಥವಾ 36 ತಿಂಗಳು. 36 ಇಟ್ಟುಕೊಳ್ಳಿ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಇದು ಸಂಶೋಧನೆಗೆ ಕೊಡುವ ಹಣವಲ್ಲ. ಪಠ್ಯಕ್ರಮ, ಅಧ್ಯಾಪಕರ ತರಬೇತಿ, ಆಡಳಿತ, ಲ್ಯಾಬ್ ಇವುಗಳಿಗೆ ಕೊಡುವುದು. ಪಿಎಚ್‌ಡಿ ವಿಷಯವನ್ನೇ ಸ್ವಲ್ಪ ತಿದ್ದಿ ಕಳಿಸಿದರೆ ಮೊದಲ ಓದಿನಲ್ಲೇ ಸಿಕ್ಕಿಬೀಳುತ್ತೀರಿ.

ಸಮಸ್ಯೆಯನ್ನು ಹತ್ತಿರದಿಂದ ಹೇಳಿ

ಅರ್ಜಿಗೆ ಕೊಡುವ ಒಟ್ಟು ಅಂಕಗಳು 100. ಪ್ರಸ್ತುತತೆಗೆ 30, ವಿನ್ಯಾಸ ಮತ್ತು ಅನುಷ್ಠಾನಕ್ಕೆ 30, ಪಾಲುದಾರಿಕೆಗೆ 20, ಪರಿಣಾಮ ಮತ್ತು ಮುಂದುವರಿಕೆಗೆ 20. ಒಟ್ಟು 60 ಬರಲೇಬೇಕು, ಪ್ರಸ್ತುತತೆಯಲ್ಲಿ 15ಕ್ಕಿಂತ ಕೆಳಗಿಳಿಯಬಾರದು. 60 ಬಂದರೆ ಹಣ ಬಂತು ಎಂದಲ್ಲ, ಸ್ಪರ್ಧೆಯಲ್ಲಿ ಅದಕ್ಕಿಂತ ಬಹಳ ಮೇಲಿರಬೇಕು.

ಪ್ರಸ್ತುತತೆಯ ಭಾಗದಲ್ಲೇ ನಮ್ಮವರು ಎಡವುವುದು. ‘ಜಾಗತೀಕರಣದ ಈ ಯುಗದಲ್ಲಿ ಗುಣಮಟ್ಟದ ಶಿಕ್ಷಣ ಅತ್ಯಗತ್ಯ’ ಎಂಬ ಸಾಲು ಯಾವ ಊರಿನ ಅರ್ಜಿಗೂ ಹೊಂದುತ್ತದೆ, ಹಾಗಾಗಿ ಯಾವ ಅರ್ಜಿಗೂ ಅಂಕ ತರುವುದಿಲ್ಲ. ಕೊಡಗಿನ ಕಾಲೇಜಿನ ಬಂಡವಾಳವೆಂದರೆ ಸಮಸ್ಯೆ ಕಾಲೇಜಿನ ಗೇಟಿನ ಹೊರಗೇ ಇರುವುದು. ಒಂದನ್ನು ಬಿಡಿಸಿ ನೋಡೋಣ.

ಅರಣ್ಯನಾಶಕ್ಕೆ ಸಂಬಂಧಿಸಿ ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ನಿಯಮ ಏಳು ಸರಕುಗಳಿಗೆ ಅನ್ವಯಿಸುತ್ತದೆ, ಕಾಫಿಯೂ ಅದರಲ್ಲಿದೆ. ಜಾರಿಯ ದಿನಾಂಕ ಮುಂದೆ ಹೋಗಿದ್ದರೂ ಬೇಡಿಕೆ ಸ್ಪಷ್ಟ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಆಗಿರಬಾರದು. ಮೂಲ ನಿಯಮದಂತೆ 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದುವಿನ ಅಕ್ಷಾಂಶ-ರೇಖಾಂಶ ಸಾಕು, ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ನಕ್ಷೆ ಬೇಕು. ಅಂಕಿಗಳು ದಶಮಾಂಶದ ಆರು ಸ್ಥಾನದವರೆಗೆ ಇರಬೇಕು. ನಾಲ್ಕು ಸ್ಥಾನಕ್ಕೆ ನಿಂತರೆ ಸುಮಾರು 11 ಮೀಟರ್ ಆಚೀಚೆ ಆಗುತ್ತದೆ, ಅಷ್ಟರಲ್ಲಿ ಬೇಲಿ ದಾಟಿ ಪಕ್ಕದ ದೇವರಕಾಡಿಗೆ ಬಿಂದು ಬೀಳಬಹುದು. ಮರದ ನೆರಳು ದಟ್ಟವಿರುವ ತೋಟದಲ್ಲಿ ಮೊಬೈಲ್ ಹಿಡಿದು ನಿಂತರೆ ಉಪಗ್ರಹದ ಸಂಕೇತವೇ ಅಲುಗಾಡುತ್ತದೆ. ಇದರ ಮೇಲೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ-ಬಾಣೆಯ ಗೋಜಲು ಬೇರೆ: ಆರ್‌ಟಿಸಿಯಲ್ಲಿ ಪಟ್ಟೇದಾರರ (ಕುಟುಂಬದ ಯಜಮಾನರ) ಹೆಸರು, ತೋಟದಲ್ಲಿ ದುಡಿಯುವುದು ಒಕ್ಕದ (ಕೂಡುಕುಟುಂಬದ) ನಾಲ್ಕು ಮನೆ.

ಈಗ ಸಮಸ್ಯೆಯನ್ನು ಹೀಗೆ ಬರೆಯಬಹುದು: ‘ತೋಟದ ಗಡಿಯನ್ನು ಅಳೆದು, ಭೂದಾಖಲೆಯೊಂದಿಗೆ ತಾಳೆ ನೋಡಿ, ಖರೀದಿದಾರನಿಗೆ ಒಪ್ಪಿಗೆಯಾಗುವ ಕಡತ ತಯಾರಿಸುವುದನ್ನು ಜಿಲ್ಲೆಯ ಪದವಿ ತರಗತಿಗಳಲ್ಲಿ ಕಲಿಸುತ್ತಿಲ್ಲ.’ ಹಾಗೆ ಬರೆಯುವ ಮೊದಲು ಎಲ್ಲ ಕಾಲೇಜುಗಳ ಪಠ್ಯಕ್ರಮ ತರಿಸಿ ನೋಡಿ, ಹೋಲಿಕೆಯ ಪಟ್ಟಿಯನ್ನು ಅರ್ಜಿಯೊಳಗೇ ಕೊಡಿ. ಬೆಳೆಗಾರರ ಸಂಘ, ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು ಎಂಥವರನ್ನು ಕೆಲಸಕ್ಕೆ ಹುಡುಕುತ್ತಾರೆ ಎಂಬ ಸಣ್ಣ ಸಮೀಕ್ಷೆಯೂ ಇರಲಿ, 30 ಜನರದ್ದಾದರೂ ಸಾಕು. ಯುರೋಪಿನ ಹಸಿರು ಮತ್ತು ಡಿಜಿಟಲ್ ಆದ್ಯತೆಗಳೆರಡಕ್ಕೂ ಇದು ತಾನಾಗಿ ಹೊಂದುತ್ತದೆ, ಎಳೆದು ಹೊಂದಿಸಬೇಕಾಗಿಲ್ಲ. ಕಾಫಿ ಬೇಡವೆಂದರೆ 2018ರ ಭೂಕುಸಿತಗಳಿವೆ, ಆನೆ-ಮಾನವ ಸಂಘರ್ಷವಿದೆ. ಆದರೆ ಒಂದು ಅರ್ಜಿಗೆ ಒಂದೇ ವಿಷಯ. ಮೂರನ್ನೂ ಸೇರಿಸಿ ‘ಸಮಗ್ರ’ ಎಂದು ಕರೆಯಬೇಡಿ.

ವರ್ಕ್ ಪ್ಯಾಕೇಜ್ ಮತ್ತು ಲೆಕ್ಕ

ಹಣ ಬರುವುದು ಇಡಿಗಂಟಾಗಿ, ವರ್ಕ್ ಪ್ಯಾಕೇಜ್ (ಯೋಜನೆಯ ಕೆಲಸದ ಒಂದೊಂದು ಭಾಗ) ಲೆಕ್ಕದಲ್ಲಿ. ಒಂದು ಪ್ಯಾಕೇಜ್ ಪೂರ್ತಿಯಾದರೆ ಅದರ ಹಣ, ಅರ್ಧವಾದರೆ ಆ ಪಾಲಿಗೆ ಕತ್ತರಿ. ಆದ್ದರಿಂದ ನಿಮ್ಮ ಕೈಯಲ್ಲಿಲ್ಲದ ಯಾವುದನ್ನೂ ಪ್ಯಾಕೇಜಿನ ಫಲಿತಾಂಶವೆಂದು ಬರೆಯಬಾರದು.

ಇಲ್ಲಿ ದೊಡ್ಡ ಗುಂಡಿ ಬೋರ್ಡ್ ಆಫ್ ಸ್ಟಡೀಸ್, ಅಂದರೆ ವಿಶ್ವವಿದ್ಯಾಲಯದ ಪಠ್ಯ ಮಂಡಳಿ. ಸಂಯೋಜಿತ ಕಾಲೇಜು ತಾನಾಗಿಯೇ ಪಠ್ಯ ಬದಲಿಸುವಂತಿಲ್ಲ. ಕರಡು ಮಂಡಳಿಗೆ ಹೋಗಿ, ಅಲ್ಲಿಂದ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗಿ, ಅಧಿಸೂಚನೆಯಾಗುವಾಗ ಒಂದು ಶೈಕ್ಷಣಿಕ ವರ್ಷ ಸುಲಭವಾಗಿ ಕಳೆಯುತ್ತದೆ. 24 ತಿಂಗಳ ಯೋಜನೆಗೆ ಇದು ಉರುಳು. ಕರಡು ತಯಾರಿಯನ್ನು ಒಂದು ಪ್ಯಾಕೇಜ್ ಮಾಡಿ, ಒಪ್ಪಿಗೆ ಮತ್ತು ಮೊದಲ ತಂಡದ ಬೋಧನೆಯನ್ನು ಇನ್ನೊಂದು ಮಾಡಿ. ಮಂಡಳಿಯ ಅಧ್ಯಕ್ಷರಿಂದ ಮೊದಲೇ ಪತ್ರ ತರಿಸಿಕೊಳ್ಳಿ. ಜಂಟಿ ಪದವಿಯ ಆಸೆಯನ್ನಂತೂ ಅರ್ಜಿಯಲ್ಲಿ ತೋರಿಸಬೇಡಿ. ಯುಜಿಸಿಯ 2022ರ ನಿಯಮದಂತೆ ಅದಕ್ಕೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಅಥವಾ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಮೊದಲ 100ರೊಳಗಿನ ಸ್ಥಾನ ಬೇಕು, ಇಲ್ಲವೇ ಶ್ರೇಷ್ಠತಾ ಸಂಸ್ಥೆಯ ಮಾನ್ಯತೆ ಇರಬೇಕು. 4 ಕ್ರೆಡಿಟ್‌ನ ಒಂದು ಸರ್ಟಿಫಿಕೇಟ್ ಕೋರ್ಸ್ ಸಾಕು.

ಲೆಕ್ಕವನ್ನು ಆ ಕೋರ್ಸಿನಿಂದಲೇ ಹುಟ್ಟಿಸಿ. 15 ವಾರ, ವಾರಕ್ಕೆ 2 ಗಂಟೆ ಪಾಠ, 4 ಗಂಟೆ ತೋಟದಲ್ಲಿ ಕೆಲಸ: 30 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ. ತಂಡದಲ್ಲಿ 30 ವಿದ್ಯಾರ್ಥಿಗಳು, ಮೂವರಿಗೊಂದು ಜಿಪಿಎಸ್ ರಿಸೀವರ್ ಎಂದರೆ ಕಾಲೇಜಿಗೆ 10, ಎರಡು ಕಾಲೇಜಿಗೆ 20. ಕಾಲೇಜಿಗೆ ತಲಾ 4 ಅಧ್ಯಾಪಕರು, ಪಠ್ಯ ಬರೆಯಲು ಒಬ್ಬರಿಗೆ 10 ದಿನ, ಒಟ್ಟು 80 ದಿನ. ಹೀಗೆ ಬರೆದರೆ 20 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಮೌಲ್ಯಮಾಪಕರು ಕೇಳುವುದಿಲ್ಲ. ‘ಉಪಕರಣಗಳಿಗೆ 50,000 ಯೂರೋ’ ಎಂದು ಗುಂಡಾಗಿ ಬರೆದರೆ ಕೇಳುತ್ತಾರೆ.

ಒಕ್ಕೂಟ ಕೊಡುವುದು ವೆಚ್ಚದ 90%ವರೆಗೆ. 4 ಲಕ್ಷ ಯೂರೋ ಅನುದಾನವೆಂದರೆ ಯೋಜನೆಯ ಒಟ್ಟು ವೆಚ್ಚ ಸುಮಾರು 4,44,444. ಉಳಿದ 44,444 ಪಾಲುದಾರರದ್ದು. ಸಿಬ್ಬಂದಿ ವೇತನವನ್ನೂ ವೆಚ್ಚದಲ್ಲಿ ತೋರಿಸಬಹುದಾದ್ದರಿಂದ ನಗದು ತೆಗೆದಿಡಬೇಕೆಂದೇನಿಲ್ಲ. ಆದರೂ ಈ ಮೊತ್ತದಲ್ಲಿ ನಿಮ್ಮ ಪಾಲೆಷ್ಟು ಎಂಬುದು ಆಡಳಿತ ಮಂಡಳಿಯ ಠರಾವಿನಲ್ಲಿ ಅಂಕಿಯಲ್ಲೇ ದಾಖಲಾಗಲಿ.

ಪಾಲುದಾರರು, ಕಾಗದಪತ್ರ

ಯುರೋಪಿನ ಕನಿಷ್ಠ ಎರಡು ದೇಶಗಳ ವಿಶ್ವವಿದ್ಯಾಲಯಗಳು ಬೇಕು, ನಮ್ಮ ಕಡೆಯ ಸಂಸ್ಥೆಗಳ ಸಂಖ್ಯೆ ಅವರಿಗಿಂತ ಕಡಿಮೆಯಾಗಬಾರದು. ನಿಖರ ಷರತ್ತುಗಳನ್ನು ಆ ವರ್ಷದ ಮಾರ್ಗದರ್ಶಿಯಲ್ಲೇ ನೋಡಬೇಕು. ಭಾರತದ ಸಂಸ್ಥೆ ಮುಖ್ಯ ಅರ್ಜಿದಾರ ಆಗಬಹುದು, ಆದರೆ ಮೊದಲ ಸಲ ಬೇಡ. ಹಣ ಹಂಚುವುದು, ವರದಿ, ಜಗಳ ಎಲ್ಲವೂ ಮುಖ್ಯ ಅರ್ಜಿದಾರರ ತಲೆಮೇಲೆ. ಹೆಸರಾಂತ ವಿಶ್ವವಿದ್ಯಾಲಯದ ಬೆನ್ನು ಹತ್ತುವುದಕ್ಕಿಂತ ಜಿಐಎಸ್ (ಕಂಪ್ಯೂಟರ್ ಭೂನಕ್ಷೆ) ಅಥವಾ ಕೃಷಿ-ಅರಣ್ಯ ಕಲಿಸುವ, ಮೇಲ್‌ಗೆ ವಾರದೊಳಗೆ ಉತ್ತರಿಸುವ ಮಧ್ಯಮ ಗಾತ್ರದ್ದು ಮೇಲು. ಪ್ರತಿ ಪಾಲುದಾರರಿಗೂ ಅವರೇ ನಡೆಸುವ ಒಂದು ಕೆಲಸವಿರಲಿ, ಬರೀ ಹೆಸರಿಗಿರುವವರನ್ನು ಮೌಲ್ಯಮಾಪಕರು ಬೇಗ ಗುರುತಿಸುತ್ತಾರೆ.

ಪೋರ್ಟಲ್‌ನಲ್ಲಿ ಪ್ರತಿ ಸಂಸ್ಥೆಗೂ ಪಿಐಸಿ ಎಂಬ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ ಬೇಕು. ಅದು ಕಾನೂನಿನ ಕಣ್ಣಿನಲ್ಲಿ ಅಸ್ತಿತ್ವವಿರುವ ಸಂಸ್ಥೆಗೆ. ಘಟಕ ಕಾಲೇಜಾದರೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಹೆಸರಿನಲ್ಲಿ, ಖಾಸಗಿ ಕಾಲೇಜಾದರೆ ನಡೆಸುವ ಟ್ರಸ್ಟ್ ಅಥವಾ ಸೊಸೈಟಿಯ ಹೆಸರಿನಲ್ಲಿ. ನೋಂದಣಿ ಪತ್ರ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇದೆಯೇ ನೋಡಿ. ಮಂಗಳೂರು ವಿಶ್ವವಿದ್ಯಾಲಯದಿಂದ ಕೊಡಗು ವಿಶ್ವವಿದ್ಯಾಲಯಕ್ಕೆ ಬಂದ ಕಾಲೇಜುಗಳು ಹಳೆಯ ಲೆಟರ್‌ಹೆಡ್ ಎಸೆಯುವುದು ಒಳ್ಳೆಯದು.

ಇನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಶಾಸನದ ಮೂಲಕ ಸ್ಥಾಪನೆಯಾಗಿ ಸಿಎಜಿ ಲೆಕ್ಕಪರಿಶೋಧನೆಗೆ ಕಡ್ಡಾಯವಾಗಿ ಒಳಪಡುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ಟ್ರಸ್ಟ್ ಕಾಲೇಜಿಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ 20% ಮೀರುವಂತಿಲ್ಲ, ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಅಂದರೆ ಮಡಿಕೇರಿಯ ಕಾಲೇಜು ತೆಗೆದುಕೊಂಡು ಗೋಣಿಕೊಪ್ಪದ್ದಕ್ಕೆ ಹಂಚುತ್ತದೆ ಎಂಬ ಏರ್ಪಾಡು ನಡೆಯುವುದಿಲ್ಲ. ಯುರೋಪಿನ ಮುಖ್ಯ ಪಾಲುದಾರರು ಇಬ್ಬರಿಗೂ ನೇರ ಕಳಿಸಬೇಕು. ಇದನ್ನು ಒಪ್ಪಂದದ ಕರಡಿನಲ್ಲೇ ಹಾಕಿಸಿ. ಇಡಿಗಂಟಾದ್ದರಿಂದ ಬ್ರಸೆಲ್ಸ್ ಪ್ರತಿ ಬಿಲ್ ಕೇಳದೇ ಇರಬಹುದು, ನಮ್ಮ ಆಡಿಟರ್ ಬಿಡುವುದಿಲ್ಲ.

ಕ್ಯಾಲೆಂಡರ್

ಕರೆ ಬರುವುದು ವರ್ಷದ ಕೊನೆಗೆ, ಕೊನೆಯ ದಿನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅದು ಸರಿಯಾಗಿ ನಮ್ಮ ಕಾಫಿ ಕೊಯ್ಲಿನ ಕಾಲ, ನಡುವೆ ಹುತ್ತರಿ. ಬೆಳೆಗಾರರ ಸಂಘದ ಪತ್ರ ಜನವರಿಯಲ್ಲಿ ಕೇಳಲು ಹೋದರೆ ಕಣದಲ್ಲಿ ನಿಂತವರು ಯಾರು ಸಹಿ ಹಾಕುತ್ತಾರೆ? ಬೆಂಬಲ ಪತ್ರಗಳು, ಸಮೀಕ್ಷೆ, ಪಿಐಸಿ ಇವು ಅಕ್ಟೋಬರ್‌ಗೆ ಮುಗಿದಿರಲಿ. ಡಿಸೆಂಬರ್‌ನಲ್ಲಿ ವರ್ಕ್ ಪ್ಯಾಕೇಜ್, ಜನವರಿ ಮೊದಲ ವಾರದಲ್ಲಿ ಬಜೆಟ್, ಆಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅರ್ಜಿಯೊಳಗಿನ ವೇಳಾಪಟ್ಟಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ತೋಟದ ಕೆಲಸ ಇಡಬೇಡಿ. ಇಲ್ಲಿ ಮಳೆ, ಆಗಸ್ಟ್‌ನಲ್ಲಿ ಯುರೋಪಿನಲ್ಲಿ ರಜೆ. ಆ ತಿಂಗಳುಗಳಿಗೆ ಪಠ್ಯ ಬರೆಯುವ ಕೆಲಸ ಹೊಂದುತ್ತದೆ.

ಪುಟಮಿತಿ ಮೀರಿದರೆ ಹೆಚ್ಚಿನ ಪುಟಗಳು ಮೌಲ್ಯಮಾಪಕರಿಗೆ ಕಾಣುವುದೇ ಇಲ್ಲ; ಟೆಂಪ್ಲೇಟಿನ ಅಕ್ಷರ ಗಾತ್ರ ಚಿಕ್ಕದು ಮಾಡಿ ತುರುಕಲೂ ಬೇಡಿ. ಗಡುವು ಬ್ರಸೆಲ್ಸ್‌ನ ಸಂಜೆ 5 ಗಂಟೆ ಎಂದಿದ್ದರೆ ಫೆಬ್ರವರಿಯಲ್ಲಿ ಅದು ನಮ್ಮ ರಾತ್ರಿ 9.30. ಎರಡು ದಿನ ಮೊದಲೇ ಒಂದು ಆವೃತ್ತಿ ಸಲ್ಲಿಸಿಡಿ. ಗಡುವಿನವರೆಗೆ ಬದಲಿಸಿ ಮತ್ತೆ ಸಲ್ಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ಸಲ್ಲಿಸಿದ ಪಿಡಿಎಫ್ ಅನ್ನು ಪೋರ್ಟಲ್‌ನಿಂದ ಇಳಿಸಿಕೊಂಡು ತೆರೆದು ನೋಡಿ. ಲೆಕ್ಕದ ಹಾಳೆಯ ಬದಲು ಹಳೆಯ ಕರಡು ಹೋಗಿರುವುದು ಆಗಲೇ ಗೊತ್ತಾಗಬೇಕು. ತಿರಸ್ಕಾರವಾದರೂ ಮೌಲ್ಯಮಾಪಕರ ಟಿಪ್ಪಣಿ ಬರುತ್ತದೆ, ಮುಂದಿನ ವರ್ಷದ ಅರ್ಜಿಯನ್ನು ಆ ಟಿಪ್ಪಣಿ ಎದುರಿಗಿಟ್ಟುಕೊಂಡೇ ಶುರುಮಾಡಿ.