ನಿರ್ಜನ ದ್ವೀಪದಲ್ಲಿ ಬದುಕುಳಿಯುವ ಬಗೆ: ಮಕ್ಕಳಿಗೆ ಕಲಿಸುವುದು ಹೇಗೆ?

ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ, ಮೀನು ಹಿಡಿಯುತ್ತೇವೆ, ಹಣ್ಣು ಹುಡುಕುತ್ತೇವೆ ಎಂದು ಅನೇಕ ಮಕ್ಕಳು ಹೇಳುತ್ತಾರೆ. ಆಹಾರವಿಲ್ಲದೆ ಕೆಲವು ವಾರ ಬದುಕಬಹುದಾದರೂ ನೀರಿಲ್ಲದೆ ಮೂರು ದಿನ ಕಳೆಯುವುದೇ ಕಷ್ಟವಾದ್ದರಿಂದ, ಪಾಠವನ್ನು ನೀರಿನಿಂದಲೇ ಆರಂಭಿಸಬೇಕು.

ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪನ್ನು ಕರಗಿಸಿದರೆ ಅದು ಕಡಲ ನೀರಿನಷ್ಟೇ ಉಪ್ಪಾಗುತ್ತದೆ. ಅದರಲ್ಲಿ ಬೆರಳದ್ದಿ ರುಚಿ ನೋಡಲು ಹೇಳಿ. ಕುಡಿಯಲು ಮಾತ್ರ ಬಿಡಬೇಡಿ. ಅಷ್ಟು ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುವುದರಿಂದ, ಸಮುದ್ರದ ನೀರು ಬಾಯಾರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂಬುದನ್ನು ಆಗಲೇ ವಿವರಿಸಿ.

ಈಗ ಆ ಉಪ್ಪುನೀರನ್ನು ಅಗಲವಾದ ಬೋಗುಣಿಗೆ ಎರಡು ಬೆರಳಿನಷ್ಟು ಎತ್ತರಕ್ಕೆ ಸುರಿದು, ನಡುವೆ ಖಾಲಿ ಸ್ಟೀಲ್ ಲೋಟವನ್ನಿಡಿ. ಲೋಟವು ಬೋಗುಣಿಯ ಅಂಚಿಗಿಂತ ಸಾಕಷ್ಟು ತಗ್ಗಿನಲ್ಲಿರಬೇಕು. ಬೋಗುಣಿಯ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ದಾರದಿಂದ ಬಿಗಿದು, ಲೋಟದ ನೇರಕ್ಕೆ ಹಾಳೆಯ ಮೇಲೊಂದು ಸಣ್ಣ ಕಲ್ಲನ್ನಿಟ್ಟು, ತಾರಸಿಯ ಬಿಸಿಲಿನಲ್ಲಿರಿಸಿ. ಹಾಳೆಯ ಒಳಮೈಯಲ್ಲಿ ಮೊದಲು ಮಂಜಿನಂತೆ ಕಟ್ಟಿದ ಆವಿ, ಬರಬರುತ್ತ ಹನಿಗಳಾಗಿ ಕಲ್ಲಿನ ಕಡೆಗೆ ಜಾರಿ ಲೋಟಕ್ಕೆ ತೊಟ್ಟಿಕ್ಕುತ್ತದೆ. ಸಂಜೆ ಸಿಗುವುದು ಕೆಲವೇ ಗುಟುಕು. ಆದರೆ ಅದರಲ್ಲಿ ಉಪ್ಪಿನ ರುಚಿ ಇರುವುದಿಲ್ಲ. ಇಷ್ಟು ಶ್ರಮಕ್ಕೆ ಇಷ್ಟೇ ನೀರೇ ಎಂದು ಮಕ್ಕಳು ಕೇಳಿದಾಗ, ಮಳೆನೀರಿನ ಬೆಲೆಯನ್ನು ಹೇಳಲು ಸರಿಯಾದ ಸಮಯ ಬಂತೆಂದು ತಿಳಿಯಿರಿ.

ಅದಕ್ಕೆ ಟೊಂಗಾ ದೇಶದ ಆರು ಹುಡುಗರ ನಿಜ ವೃತ್ತಾಂತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 1965ರಲ್ಲಿ ದೋಣಿಯೊಂದರಲ್ಲಿ ಹೊರಟ ಈ ವಿದ್ಯಾರ್ಥಿಗಳು ಬಿರುಗಾಳಿಗೆ ಸಿಕ್ಕಿ, ಎಂಟು ದಿನ ತೇಲಿ, ಜನವಸತಿಯಿಲ್ಲದ ಆಟಾ ದ್ವೀಪವನ್ನು ಸೇರಿದರು. ಮರದ ಬೊಡ್ಡೆಗಳನ್ನು ಟೊಳ್ಳು ಮಾಡಿ ಮಳೆನೀರು ಹಿಡಿದರು. ಹೊತ್ತಿಸಿದ ಬೆಂಕಿಯನ್ನು ಆರಲು ಬಿಡಲಿಲ್ಲ. ತೋಟ, ಅಡುಗೆ, ಕಾವಲುಗಳನ್ನು ಇಬ್ಬಿಬ್ಬರಂತೆ ಪಾಳಿಯಲ್ಲಿ ನಿರ್ವಹಿಸಿದರು. ಜಗಳವಾದರೆ ಇಬ್ಬರೂ ಬೇರೆ ಬೇರೆ ಕಡೆ ಹೋಗಿ, ಕೋಪ ತಣಿದ ಮೇಲೆ ಮರಳಿ ಬರುತ್ತಿದ್ದರು. ಬಿದ್ದು ಕಾಲು ಮುರಿದುಕೊಂಡ ಗೆಳೆಯನಿಗೆ ಕೋಲು ಮತ್ತು ಎಲೆಗಳಿಂದ ಕಟ್ಟು ಹಾಕಿದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ ಈ ಹುಡುಗರನ್ನು ಕಂಡಾಗ ಆರೂ ಮಂದಿ ಆರೋಗ್ಯವಾಗಿದ್ದರು.

ಈ ವ್ಯವಸ್ಥೆಯನ್ನು ಮಕ್ಕಳು ಸ್ವತಃ ಮಾಡಿ ನೋಡಬೇಕು. ಆರು ಮಕ್ಕಳನ್ನು ಮೂರು ಜೋಡಿಗಳಾಗಿಸಿ, ಎರಡು ಗಂಟೆಗಳ ಕಾಲ ಒಂದು ಹಣತೆ ಆರದಂತೆ ಸರದಿಯಲ್ಲಿ ಕಾಯಲು ಹೇಳಿ; ಹಿರಿಯರೊಬ್ಬರು ಪಕ್ಕದಲ್ಲೇ ಇರಲಿ. ಉಳಿದ ಜೋಡಿಗಳಲ್ಲಿ ಒಂದು ನೆರಳಿಗೆ ಹಳೆಯ ಸೀರೆಯ ಚಪ್ಪರ ಕಟ್ಟಲಿ, ಇನ್ನೊಂದು ಸಂಕೇತ ಸಿದ್ಧಪಡಿಸಲಿ. ಮೂರರ ಗುಂಪು ಅಪಾಯದ ಸಂಕೇತವೆಂದು ಎಲ್ಲೆಡೆ ಪರಿಚಿತವಾಗಿರುವುದರಿಂದ, ಅಂಗಳದಲ್ಲಿ ಕಲ್ಲಿನ ಮೂರು ರಾಶಿಗಳನ್ನು ತ್ರಿಕೋನಾಕಾರದಲ್ಲಿ ಪೇರಿಸಿ, ತಾರಸಿಯ ಮೇಲಿನಿಂದ ಅವು ಸ್ಪಷ್ಟವಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಲಿ.

ಆಹಾರದ ವಿಷಯವನ್ನು ಕೊನೆಗೆ ಎತ್ತಿಕೊಂಡರೆ ಸಾಕು. ಹಕ್ಕಿ ತಿಂದ ಹಣ್ಣೆಲ್ಲ ಮನುಷ್ಯರಿಗೂ ಸುರಕ್ಷಿತ ಎಂಬ ನಂಬಿಕೆ ತಪ್ಪೆಂದೂ, ಗುರುತಿಲ್ಲದ ಕಾಯಿ, ಸೊಪ್ಪು, ಅಣಬೆಗಳನ್ನು ಬಾಯಿಗೆ ಹಾಕಲೇಬಾರದೆಂದೂ ಮಕ್ಕಳಿಗೆ ಖಚಿತವಾಗಿ ತಿಳಿಸಿ.