ದುರಂತ ಕಥೆಯಲ್ಲಿ ತಪ್ಪು ಯಾರದು ಅಂತ ನೋಡುವುದು ಹೇಗೆ?

ಕಲಬುರಗಿ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ ಬಯಲಾಟ ನಡೆದು ಕರ್ಣ ಸತ್ತರೆ, ಬೆಳಿಗ್ಗೆ ಚಹಾದಂಗಡಿ ಮುಂದೆ ಎರಡು ಥರದ ಮಾತು ಕೇಳಿಬರುತ್ತದೆ. ಒಬ್ಬರು 'ಪಾಪ, ಅವನ ನಸೀಬೇ ಖರಾಬ್' ಅಂತಾರೆ. ಇನ್ನೊಬ್ಬರು 'ಮಾಡಿದ್ದುಣ್ಣೋ ಮಾರಾಯ' ಅಂತಾರೆ. ಪರೀಕ್ಷೆ ಬರೆಯುವ ಹುಡುಗರೂ ಇವೆರಡರಲ್ಲಿ ಒಂದನ್ನು ಹಿಡಿದುಕೊಂಡು, 'ವಿಧಿಯ ಕೈಗೊಂಬೆ' ಅಂತ ಶುರುಮಾಡಿ ನಾಲ್ಕು ಪುಟ ತುಂಬಿಸುತ್ತಾರೆ. ಎರಡು ಮಾತಲ್ಲೂ ನಿಜ ಇದೆ. ಆದರೆ ಇಡೀ ಬದುಕಿಗೆ ಸೇರಿಸಿ ಒಂದೇ ಪ್ರಶ್ನೆ ಕೇಳಿದರೆ ಹೀಗೇ ಒಂದು ಸಾಲಿನ ಉತ್ತರ ಬರುತ್ತದೆ. ಒಂದೊಂದು ಕೆಲಸ ಹಿಡಿದು ಕೇಳಬೇಕು. ಅದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ.

ಮೊದಲು ಒಂದು ಹಾಳೆ ತಗೊಳ್ಳಿ, ನಡುವೆ ಗೆರೆ ಎಳೆಯಿರಿ. ಕಥೆ ನಮ್ಮೆದುರು ಶುರುವಾಗುವ ಮೊದಲೇ ಆಗಿಹೋದದ್ದು ಎಡಕ್ಕೆ, ನಮ್ಮ ಕಣ್ಣೆದುರು ನಡೆಯುವುದು ಬಲಕ್ಕೆ. ಹಳೇ ಗ್ರೀಸ್ ದೇಶದ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕಕ್ಕೆ ಇದನ್ನು ಮಾಡಿ ನೋಡಿ, ಚಿತ್ರವೇ ಬದಲಾಗುತ್ತದೆ. ಹುಟ್ಟುವ ಮೊದಲೇ ದೈವವಾಣಿ, ಮಗುವನ್ನು ಬೆಟ್ಟದಲ್ಲಿ ಬಿಟ್ಟುಬರಲು ಕೊಟ್ಟದ್ದು, ಕೊರಿಂತ್‌ನಲ್ಲಿ ಬೆಳೆದದ್ದು, ಮೂರು ದಾರಿ ಕೂಡುವಲ್ಲಿ ಯಾರೆಂದು ಗೊತ್ತಿಲ್ಲದೆ ತಂದೆಯನ್ನೇ ಕೊಂದದ್ದು, ತಾಯಿಯನ್ನೇ ಮದುವೆಯಾದದ್ದು, ಎಲ್ಲ ಎಡಗಡೆ ಬೀಳುತ್ತದೆ. ಬಲಗಡೆ ಏನಿದೆ? ಊರಿಗೆ ರೋಗ ಬಂದಿದೆ, ಹಿಂದಿನ ರಾಜನನ್ನು ಕೊಂದವನನ್ನು ಹೊರಹಾಕಿ ಅಂತ ದೈವವಾಣಿಯಾಗಿದೆ, ಅವನನ್ನು ಹುಡುಕಿಯೇ ತೀರುತ್ತೇನೆ ಅಂತ ಈಡಿಪಸ್ ಹಟ ಹಿಡಿದಿದ್ದಾನೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ 'ಬೇಡ, ನನ್ನನ್ನು ಮನೆಗೆ ಕಳಿಸು' ಅನ್ನುತ್ತಾನೆ. ಹೆಂಡತಿ ಕೈಮುಗಿಯುತ್ತಾಳೆ. ಕೊನೆಗೆ, ಅಂದು ಮಗುವನ್ನು ಬೆಟ್ಟಕ್ಕೆ ಒಯ್ದಿದ್ದ ಮುದಿ ಕುರುಬನೂ ಬೇಡಿಕೊಳ್ಳುತ್ತಾನೆ. ಮೂರೂ ಸಲ ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದೈವವಾಣಿ ತಂದೆಯ ಸಾವನ್ನು ಹೇಳಿತ್ತು, ಮದುವೆಯನ್ನು ಹೇಳಿತ್ತು, ಕೊಂದವನನ್ನು ಹೊರಹಾಕಿ ಅಂತಲೂ ಹೇಳಿತ್ತು, ಆದರೆ ಎಲ್ಲರೂ ಬೇಡ ಅಂದರೂ ನಿಜ ಗೊತ್ತಾಗುವ ತನಕ ಬಿಡಬೇಡ ಅಂತ ಅವನ ಬೆನ್ನಿಗೆ ಬಿದ್ದಿರಲಿಲ್ಲ. ರಂಗದ ಮೇಲೆ ನಾವು ನೋಡುವುದೆಲ್ಲ ಅವನು ತಾನಾಗಿ ಮಾಡಿದ್ದು. ಅಷ್ಟೂ ಅವನ ಒಳ್ಳೆಯ ಗುಣದಿಂದಲೇ ಬಂದದ್ದು, ಇದು ನನಗೆ ಪ್ರತಿ ಸಲ ಓದಿದಾಗಲೂ ಎದೆಗೆ ತಾಕುತ್ತದೆ.

ಆಮೇಲೆ ಒಂದೊಂದು ಕೆಲಸದ ಪಕ್ಕದಲ್ಲಿ ಬರೆಯಿರಿ: ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು, ಬೇರೆ ದಾರಿ ಇತ್ತಾ? ಇದಕ್ಕೆ ಕರ್ಣನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮಹಾಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆ ಅಂತ 941ರಲ್ಲೇ ಪಂಪ ಬರೆದ. ಪಂಪನ ದೊರೆ ಅರಿಕೇಸರಿ ರಾಷ್ಟ್ರಕೂಟರ ಸಾಮಂತ, ಆ ರಾಷ್ಟ್ರಕೂಟರ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಹಾಗಾಗಿ ಈ ಕಥೆ ನಮಗೆ ದೂರದ್ದೇನೂ ಅಲ್ಲ. ಕರ್ಣನನ್ನು ಹುಟ್ಟಿದ ಕೂಡಲೇ ನೀರಿಗೆ ಬಿಟ್ಟದ್ದು ಅವನ ಕೈಯಲ್ಲಿರಲಿಲ್ಲ. ಸೂತಪುತ್ರ ಅಂತ ತುಂಬಿದ ಸಭೆಯಲ್ಲಿ ಹಂಗಿಸಿದ್ದೂ ಅವನ ಕೈಯಲ್ಲಿರಲಿಲ್ಲ. ಆದರೆ ದ್ಯೂತದ ದಿನ ದ್ರೌಪದಿಗೆ ಅವನು ಆಡಿದ ಮಾತು? ಯಾರೂ ಅವನ ಬಾಯಿಂದ ಅದನ್ನು ಹೇಳಿಸಲಿಲ್ಲ. ಅದೇ ಸಭೆಯಲ್ಲಿ ದುರ್ಯೋಧನನ ಸ್ವಂತ ತಮ್ಮ ವಿಕರ್ಣ ಎದ್ದುನಿಂತು ಇದು ಅನ್ಯಾಯ ಅಂದ. ಅಂದಮೇಲೆ ಹೇಳಲು ಜಾಗ ಇತ್ತು, ಅಲ್ವಾ? ವಿಕರ್ಣನ ಬಾಯಿ ಮುಚ್ಚಿಸಲು ನೋಡಿದವನೂ ಕರ್ಣನೇ.

ಮುಂದೆ ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿ, ಪಾಂಡವರ ಕಡೆ ಬಾ, ರಾಜ್ಯ ನಿನ್ನದೇ ಅನ್ನುತ್ತಾನೆ. ವ್ಯಾಸಭಾರತದ ಉದ್ಯೋಗಪರ್ವದ ಈ ಜಾಗವನ್ನು ಸಾವಕಾಶವಾಗಿ ಓದಿ. ಈಗ ಅವನಿಗೆ ಎಲ್ಲ ಗೊತ್ತು. ಸೋಲುತ್ತೇವೆ ಅನ್ನುವುದೂ ಗೊತ್ತು. ಆದರೂ ಸಾಕಿದ ತಾಯಿತಂದೆಯನ್ನು, ನಂಬಿದ ಗೆಳೆಯನನ್ನು ಬಿಡುವುದಿಲ್ಲ ಅನ್ನುತ್ತಾನೆ. ಅಲ್ಲೇ ಇನ್ನೊಂದು ಮಾತನ್ನೂ ಹೇಳುತ್ತಾನೆ: ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕೆಟ್ಟ ಮಾತು ಆಡಿದೆ, ಅದಕ್ಕೆ ಈಗ ಸಂಕಟಪಡುತ್ತೇನೆ ಅಂತ. ಹುಟ್ಟಿನ ಬಗ್ಗೆ ದೂರು ಹೇಳಲು ಅವನಿಗೆ ಎಷ್ಟು ಕಾರಣ ಇತ್ತು! ಆದರೂ ತಾನು ಆಡಿದ ಮಾತನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ, ಬೇರೆ ಇಟ್ಟ. ನೀವು ಹಾಳೆಯ ಮೇಲೆ ಮಾಡುತ್ತಿರುವ ಕೆಲಸವನ್ನು ಕರ್ಣನೇ ಮಾಡಿ ತೋರಿಸಿದ್ದಾನೆ.

'ಬೇರೆ ದಾರಿ ಇತ್ತಾ' ಅನ್ನುವುದಕ್ಕೆ ಹೌದು, ಇಲ್ಲ ಅಂತ ಬರೆದು ಮುಂದೆ ಹೋಗಬೇಡಿ. ನಮ್ಮ ತೊಗರಿ ಹೊಲ ನೋಡಿ. ಮಳೆ ಕೈಕೊಟ್ಟರೆ ಅದು ರೈತನ ತಪ್ಪಲ್ಲ. ನೆಟೆ ರೋಗ ಮಣ್ಣಲ್ಲೇ ಉಳಿದುಕೊಳ್ಳುತ್ತದೆ ಅಂತ ಗೊತ್ತಿದ್ದೂ ಅದೇ ಹೊಲಕ್ಕೆ ವರ್ಷವರ್ಷ ತೊಗರಿಯನ್ನೇ ಹಾಕಿದರೆ ಅದು ಅವನು ಮಾಡಿದ್ದು. ಆದರೆ ಸಾಲ ತಲೆಮೇಲಿದ್ದು, ಬೇರೆ ಬೆಳೆ ಹಾಕಲು ದುಡ್ಡೂ ನೀರೂ ಇಲ್ಲದಿದ್ದರೆ? ದಾರಿ ಇತ್ತು, ಆದರೆ ಬಹಳ ಕಿರಿದಾಗಿತ್ತು. ಎಷ್ಟು ಕಿರಿದು ಅಂತ ಬರೆಯಿರಿ. ತಪ್ಪಿನ ಭಾರವೂ ಅಷ್ಟಕ್ಕೆ ತಕ್ಕ ಹಾಗೆ ಇಳಿಯಲಿ.

ಇನ್ನೊಂದು ಮುಖ್ಯ ಕೆಲಸ ಇದೆ, ಇದನ್ನು ಬಹಳ ಜನ ಮಾಡುವುದೇ ಇಲ್ಲ. ಕಥೆಯಲ್ಲಿ 'ಎಲ್ಲ ವಿಧಿ' ಅನ್ನುವ ಮಾತು ಬಂದಾಗ, ಹೇಳುತ್ತಿರುವವರು ಯಾರು ಅಂತ ನೋಡಿ. ಮಹಾಭಾರತದಲ್ಲಿ ಈ ಮಾತನ್ನು ಜಾಸ್ತಿ ಆಡುವವನು ಧೃತರಾಷ್ಟ್ರ. ಜೂಜು ಬೇಡ, ಕುಲ ನಾಶವಾಗುತ್ತದೆ ಅಂತ ವಿದುರ ಬಿಡಿಸಿ ಹೇಳುತ್ತಾನೆ. ಅದಕ್ಕೆ ಧೃತರಾಷ್ಟ್ರ, ಜಗತ್ತೆಲ್ಲ ದೈವದ ವಶದಲ್ಲಿ ನಡೆಯುತ್ತದೆ, ಯಾರೂ ಸ್ವತಂತ್ರರಲ್ಲ ಅಂದು, ಅದೇ ಉಸಿರಿನಲ್ಲಿ ಧರ್ಮರಾಯನನ್ನು ಕರೆದುಕೊಂಡು ಬಾ ಅಂತ ಅದೇ ವಿದುರನಿಗೆ ಅಪ್ಪಣೆ ಕೊಡುತ್ತಾನೆ. ಅಪ್ಪಣೆ ಕೊಡುವ ಅಧಿಕಾರ ಇದ್ದವನು, ಬೇಡ ಅಂದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಇದರ ಪಕ್ಕದಲ್ಲಿ ಈಡಿಪಸ್‌ನನ್ನು ಇಡಿ. ನಿಜ ಗೊತ್ತಾದ ಮೇಲೆ ಅವನು ತನ್ನ ಕಣ್ಣಿಗೆ ತಾನೇ ಇರಿದುಕೊಂಡು ಕುರುಡನಾಗುತ್ತಾನೆ; ಇದೆಲ್ಲ ಅಪೊಲೊ ದೇವರು ತಂದದ್ದು, ಆದರೆ ಕಣ್ಣಿಗೆ ಇರಿದುಕೊಂಡ ಕೈ ನನ್ನದೇ ಅನ್ನುತ್ತಾನೆ. ಇಬ್ಬರೂ ದೈವವನ್ನು ನಂಬುತ್ತಾರೆ. ಒಬ್ಬ ಜಾರಿಕೊಳ್ಳಲು ಅದನ್ನು ಬಳಸುತ್ತಾನೆ, ಇನ್ನೊಬ್ಬ ಅದನ್ನು ಒಪ್ಪಿಕೊಂಡೂ ತನ್ನ ಪಾಲನ್ನು ತಾನು ಎತ್ತಿಕೊಳ್ಳುತ್ತಾನೆ.

ಪಾಲು ಎತ್ತಿಕೊಂಡವನಿಗೆ ನಾವೂ ಸೇರಿ ಶಿಕ್ಷೆ ಕೊಡಬೇಕು ಅಂತೇನಿಲ್ಲ. ಸೊಫೊಕ್ಲಿಸ್ ತನ್ನ ಮುಪ್ಪಿನಲ್ಲಿ ಈಡಿಪಸ್‌ನ ಬಗ್ಗೆ ಮತ್ತೊಂದು ನಾಟಕ ಬರೆದ. ಅದರಲ್ಲಿ ಅಲೆದಾಡಿ ಹಣ್ಣಾದ ಈಡಿಪಸ್, ಅವನ್ನು ನಾನು ಮಾಡಿದೆ ಅನ್ನುವುದಕ್ಕಿಂತ ಅನುಭವಿಸಿದೆ, ಗೊತ್ತಿಲ್ಲದೆ ಆದದ್ದಕ್ಕೆ ನಾನು ಪಾಪಿಯಲ್ಲ ಅಂತ ವಾದಿಸುತ್ತಾನೆ. ಬರೆದವನೇ ಎರಡು ಕಡೆ ಎರಡು ಥರ ಹೇಳಿಸಿದ್ದಾನೆ, ಎರಡೂ ನಿಜ ಅನಿಸುತ್ತವೆ. ಹಾಗಾಗಿ 'ಇದರ ಹೊಣೆ ಅವನು ಹೊತ್ತನೇ' ಮತ್ತು 'ನಾವು ಅವನನ್ನು ದೂರಬಹುದೇ' ಅನ್ನುವುದನ್ನು ಕಲಸಬೇಡಿ, ಎರಡಕ್ಕೂ ಬೇರೆ ಬೇರೆ ಉತ್ತರ ಬರೆಯಿರಿ.

ದೈವವೋ ಪ್ರಯತ್ನವೋ ಅಂತ ಒಂದನ್ನೇ ಆರಿಸಬೇಕು ಅಂತ ಯಾರಾದರೂ ಒತ್ತಾಯಿಸಿದರೆ ಬಸವಕಲ್ಯಾಣ ನೆನಪಿಸಿ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಅನ್ನುವ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದದ್ದು ಅಲ್ಲೇ. ಅದು ವಿವರಿಸುವ ಮೂಲಗ್ರಂಥ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ಒಂದೇ ಗಾಲಿಯಿಂದ ರಥ ನಡೆಯದ ಹಾಗೆ ಮನುಷ್ಯ ಪ್ರಯತ್ನ ಇಲ್ಲದೆ ದೈವವೂ ಫಲ ಕೊಡದು ಅಂತ ಇದೆ. ಅಪರಾಧ, ದಂಡ, ಆಸ್ತಿ ಪಾಲು ಎಲ್ಲವನ್ನೂ ಇತ್ಯರ್ಥ ಮಾಡುವ ಗ್ರಂಥದಲ್ಲಿ ಈ ಮಾತಿದೆ ಅನ್ನುವುದು ಮುಖ್ಯ. ಎಲ್ಲ ದೈವವೇ ಆದರೆ ದಂಡ ಯಾರಿಗೆ ಹಾಕುವುದು?

ನಾಯಕನೊಬ್ಬನನ್ನೇ ನೋಡುತ್ತ ಕೂರಬೇಡಿ, ಸಣ್ಣ ಪಾತ್ರಗಳನ್ನೂ ನೋಡಿ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಸೇರಿ ಹಾಡುವ ರಿವಾಯತ್ ಪದಗಳು ಕರ್ಬಲಾದ ಕಥೆಯವು. 680ರಲ್ಲಿ ನಡೆದದ್ದು. ಸಾವು ಎದುರಿಗಿದೆ ಅಂತ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರಿಗೆ ಗೊತ್ತು. ಹಿಂದಿನ ರಾತ್ರಿ ಜೊತೆಗಿದ್ದವರಿಗೆ, ಕತ್ತಲಿದೆ, ಹೋಗುವವರು ಹೋಗಿ ಅನ್ನುತ್ತಾರೆ. ಅವರು ಹೋಗುವುದಿಲ್ಲ. ಇನ್ನೂ ನೋಡಬೇಕಾದವನು ಹುರ್. ಹುಸೇನರ ದಾರಿ ಅಡ್ಡಗಟ್ಟಿದ ದಂಡಿನ ನಾಯಕ ಅವನು. ಯುದ್ಧದ ದಿನ ಬೆಳಿಗ್ಗೆ ಆ ದಂಡು ಬಿಟ್ಟು, ಕ್ಷಮೆ ಕೇಳಿ, ಸೋಲುವ ಕಡೆ ಬಂದು ನಿಂತು ಸತ್ತ. ಯುದ್ಧ ಹೇಗೆ ಮುಗಿಯುತ್ತದೆ ಅನ್ನುವುದು ಇದರಿಂದ ಬದಲಾಗಲಿಲ್ಲ. ಅವನು ಯಾರ ಕಡೆಯವನಾಗಿ ಸತ್ತ ಅನ್ನುವುದು ಬದಲಾಯಿತು. ವಿಕರ್ಣನನ್ನೂ ಹುರ್‌ನನ್ನೂ ಬಿಟ್ಟು ಓದಿದರೆ ಎಲ್ಲರೂ ಕೈಕಟ್ಟಿದವರ ಹಾಗೆ ಕಾಣುತ್ತಾರೆ.

ಇನ್ನು ಬರೆಯಲು ಕೂತಾಗ ನಿಮ್ಮ ವಾಕ್ಯಗಳ ಕೊನೆ ನೋಡಿಕೊಳ್ಳಿ. 'ದ್ರೌಪದಿಗೆ ಅವಮಾನ ಆಯಿತು' ಅಂತ ಬರೆದರೆ ಮಾಡಿದವರು ಮಾಯವಾಗುತ್ತಾರೆ. ದುಶ್ಶಾಸನ ಎಳೆದ, ಕರ್ಣ ಹಂಗಿಸಿದ, ಭೀಷ್ಮ ಧರ್ಮ ಸೂಕ್ಷ್ಮ ಅಂತ ನುಣುಚಿಕೊಂಡ, ಹೀಗೆ ಹೆಸರಿಟ್ಟು ಬರೆಯಿರಿ. 'ಆಯಿತು' ಅನ್ನುವುದನ್ನು ಯಾರೂ ಮಾಡದೆ ಆದದ್ದಕ್ಕೆ ಮಾತ್ರ ಇಟ್ಟುಕೊಳ್ಳಿ. ಹಾಗೆ ಒಂದು ಪುಟ ತಿದ್ದಿ ಬರೆದು ನೋಡಿ, ವಿಧಿ ಅಂತ ಬಿಟ್ಟಿದ್ದ ಎಷ್ಟೋ ಸಂಗತಿಗಳು ಯಾರೋ ಮಾಡಿದ್ದು ಅಂತ ಕಾಣುತ್ತವೆ.