ಬೆಸುಗೆ ಹಾಕದೆ ಕಟ್ಟಿದ ವ್ಯಾನ್

ನನ್ನ ಹಳೆಯ ಐದು ಸೀಟಿನ ವ್ಯಾನಿನಲ್ಲಿ ಇಬ್ಬರು ಮಲಗುವಂತಾಗಬೇಕು, ಕರೆಂಟಿನ ಹಂಗಿಲ್ಲದೆ ಎರಡು ದಿನ ಕಳೆಯುವಂತಾಗಬೇಕು ಎಂದು ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿಗೆ ಹೋದಾಗ, ಅಲ್ಲಿಯ ಮೇಸ್ತ್ರಿ ಒಳಗೆ ಇಣುಕಿ ನೋಡಿ, "ನಾಕ್ ಕಡೆ ವೆಲ್ಡಿಂಗ್ ಹೊಡದ್ರ ಮುಗೀತ್ರಿ ಸರ, ಜನ್ಮಕ್ಕ ಅಳ್ಳಾಡೂದಿಲ್ಲ" ಎಂದರು. ನನಗೆ ಬೇಕಾಗಿದ್ದುದು ಅಳ್ಳಾಡದ ಮಂಚವಲ್ಲ, ಬಿಚ್ಚಿಡಬಹುದಾದ ಮಂಚ. ನೋಂದಣಿಯ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿದೆ. ಅದಕ್ಕಿಂತ ಹೆಚ್ಚಾಗಿ, ಸೋಮವಾರ ಅದೇ ವ್ಯಾನಿನಲ್ಲಿ ಮನೆಮಂದಿಯೆಲ್ಲ ಕೂಡಬೇಕಿತ್ತು.

ಹೀಗಾಗಿ ಸೀಟನ್ನು ಕೀಳದೆ, ಅದರ ಬೆನ್ನನ್ನು ಮುಂದಕ್ಕೆ ಮಡಚಿ, ಮೇಲೆ ಅಲ್ಯೂಮಿನಿಯಂ ಚೌಕ ಪೈಪಿನ ಚೌಕಟ್ಟು ಕೂರಿಸಿದೆ. ಹಲಗೆಗೆ 18 ಮಿ.ಮೀ. ಪ್ಲೈವುಡ್ ಬದಲು 12 ಮಿ.ಮೀ. ತಂದದ್ದರಿಂದ ಹಾಳೆಯೊಂದಕ್ಕೆ ಸುಮಾರು 12 ಕಿಲೋ ಭಾರ ಉಳಿಯಿತು. ಉಳಿದದ್ದೆಲ್ಲ ನಟ್ಟು-ಬೋಲ್ಟಿನ ಕೆಲಸ.

ನನ್ನನ್ನು ನಿಜವಾಗಿ ಸತಾಯಿಸಿದ್ದು ವೈರಿಂಗ್. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 1,280 ವಾಟ್-ಅವರ್, ಚಿಕ್ಕ ಫ್ರಿಜ್, ಫ್ಯಾನ್, ದೀಪ, ಫೋನ್ ಸೇರಿ ದಿನಕ್ಕೆ ಸುಮಾರು 600 ಬಳಸುವ ನನಗೆ ಎರಡು ದಿನಕ್ಕೆ ಸಾಕಾಗಬೇಕಿತ್ತು. ಆದರೆ ಬಾದಾಮಿಯ ಹತ್ತಿರ ಪರಿಚಯದವರ ಹೊಲದಲ್ಲಿ ತಂಗಿದ ಮೊದಲ ರಾತ್ರಿಯೇ ಫ್ರಿಜ್ ಶುರುವಾಗುವುದು, ಟಿಕ್ಕೆಂದು ನಿಲ್ಲುವುದು, ಮತ್ತೆ ಶುರುವಾಗುವುದು ನಡೆಯಿತು. ಬ್ಯಾಟರಿ ಕೆಟ್ಟಿತೆಂದು ಮಾರಿದವರನ್ನು ಮನಸಾರೆ ಬೈದು, ಆಮೇಲೆ ಮಲ್ಟಿಮೀಟರ್ ಹಿಡಿದೆ: ಬ್ಯಾಟರಿಯ ತುದಿಯಲ್ಲಿ 12.9, ಫ್ರಿಜ್ಜಿನ ಸಾಕೆಟ್ಟಿನಲ್ಲಿ ಬರೀ 12.0. ತಪ್ಪು ನನ್ನದೇ. ಮನೆಯ ವೈರಿಂಗಿನಲ್ಲಿ ಉಳಿದಿದ್ದ 1 ಚದರ ಮಿ.ಮೀ. ತಂತಿಯನ್ನೇ ಎಳೆದಿದ್ದೆ, ಹೋಗಿ ಬರುವ ಎಂಟು ಮೀಟರ್ ದಾರಿಯಲ್ಲಿ 6 ಆಂಪಿಯರ್ ಹರಿದಾಗ ಸುಮಾರು 0.9 ವೋಲ್ಟ್ ಅದರಲ್ಲೇ ಸೋರಿಹೋಗುತ್ತಿತ್ತು. 230 ವೋಲ್ಟಿನ ಮನೆಯಲ್ಲಿ ಇಷ್ಟು ಸೋರಿದರೆ ಯಾರಿಗೂ ತಿಳಿಯದು, 12 ವೋಲ್ಟಿನಲ್ಲಿ ಕಂಪ್ರೆಸರ್ ಮುನಿಸಿಕೊಳ್ಳುತ್ತದೆ. 4 ಚದರ ಮಿ.ಮೀ. ತಂತಿ ಹಾಕಿ, ಬ್ಯಾಟರಿಯ ಪ್ಲಸ್ಸಿಗೆ ಹತ್ತಿಕೊಂಡೇ ಒಂದು ಫ್ಯೂಸ್ ಕೂರಿಸಿದ ಮೇಲೆ ಆ ಟಿಕ್ ಸದ್ದು ಮತ್ತೆ ಕೇಳಲಿಲ್ಲ.

ಸೋಲಾರ್ ಹಲಗೆಯನ್ನು ಮೊದಲು ಮೇಲಿನ ಕ್ಯಾರಿಯರಿಗೆ ಬಿಗಿದಿದ್ದೆ. ಅದಕ್ಕೆ ಬಿಸಿಲು ಬೇಕೆಂದರೆ ವ್ಯಾನೂ ಬಿಸಿಲಲ್ಲೇ ನಿಲ್ಲಬೇಕು. ಏಪ್ರಿಲ್ ತಿಂಗಳ ಬಾದಾಮಿಯಲ್ಲಿ ಹಾಗೆ ನಿಲ್ಲಿಸಿದ ವ್ಯಾನು ರೊಟ್ಟಿ ಬೇಯಿಸುವ ಹಂಚಾಗುತ್ತದೆ. ಹಲಗೆಯೂ ಕಾದಷ್ಟು ಕಡಿಮೆ ಕೊಡುತ್ತದೆ: 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಇಳಿಕೆ. ಈಗ 160 ವಾಟಿನ ಹಲಗೆಯನ್ನು ಕೆಳಗಿಳಿಸಿ, ಉದ್ದ ಕೇಬಲ್ ಬಿಟ್ಟು, ಹಿಂದೆ ಗಾಳಿಯಾಡುವಂತೆ ಓರೆಯಾಗಿ ನಿಲ್ಲಿಸುತ್ತೇನೆ. ವ್ಯಾನು ಬೇವಿನ ನೆರಳಲ್ಲಿ, ಹಲಗೆ ಬಿಸಿಲಲ್ಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವ ನಮ್ಮಂಥವರಿಗೆ ಫ್ರಿಜ್ ಬೇಕೇ ಎಂದು ಮನೆಯಲ್ಲಿ ಕೇಳುತ್ತಾರೆ. ಮೊಸರಿಗೆ ಬೇಕು ಎನ್ನುತ್ತೇನೆ.

ಮಳೆಗಾಲದಲ್ಲಿ ಘಟ್ಟದ ಊರಾದ ಕಣಕುಂಬಿಯಲ್ಲಿ ಬೇರೆಯದೇ ತಾಪತ್ರಯ. ಕಿಟಕಿ ಮುಚ್ಚಿ ಮಲಗಿದ ನಮ್ಮಿಬ್ಬರ ಉಸಿರಿನ ತೇವವೆಲ್ಲ ಬರಿಯ ತಗಡಿನ ಮೇಲೆ ಹನಿಗಟ್ಟಿ, ನಸುಕಿನಲ್ಲಿ ಮುಖದ ಮೇಲೆ ತೊಟ್ಟಿಕ್ಕಿತು. ಚಾವಣಿಗೆ 10 ಮಿ.ಮೀ. ಫೋಮ್ ಅಂಟಿಸಿ, ಎದುರುಬದುರಿನ ಎರಡು ಕಿಟಕಿಗಳನ್ನು ಸೊಳ್ಳೆ ಜಾಲರಿ ಕಟ್ಟಿ ಎರಡು ಬೆರಳಷ್ಟು ತೆರೆದಿಡುವುದೇ ಮದ್ದಾಯಿತು. ಒಲೆಯನ್ನಂತೂ ಎಂಥ ಮಳೆಯಿದ್ದರೂ ಒಳಗೆ ಹಚ್ಚುವುದಿಲ್ಲ. ಉರಿಯುವ ಒಲೆಯಿಂದ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಎಲ್ಲವನ್ನೂ ಬಿಚ್ಚಿ ಸೀಟು ನೆಟ್ಟಗೆ ಮಾಡಲು ಈಗ ಅರ್ಧ ಗಂಟೆ ಸಾಕು. ಲಾಕ್ ನಟ್ ಹಾಕಲು ಜಾಗವಿಲ್ಲದ, ಹಿಂಬಾಗಿಲ ಬಳಿಯ ಒಂದು ಬೋಲ್ಟ್ ಮಾತ್ರ ಚೋರ್ಲಾ ಘಾಟಿನ ತಿರುವುಗಳಲ್ಲಿ ಸಡಿಲಾಗುತ್ತದೆ. ಅದಕ್ಕಾಗಿ 13ರ ಪಾನಾ ಯಾವಾಗಲೂ ಡ್ರೈವರ್ ಸೀಟಿನ ಪಕ್ಕದಲ್ಲೇ ಇರುತ್ತದೆ.